ಶಂಕ್ರಪ್ಪನ ಕತೆಗೆ ಎರಡನೆಯ ಸಾಕ್ಷಿ

ಊರ ಗ್ರಂಥಾಲಯದಲ್ಲಿ ಶಂಕ್ರಪ್ಪನದೊಂದು ಕುರ್ಚಿ ಇತ್ತು. ಸರ್ಕಾರ ಕೊಟ್ಟದ್ದಲ್ಲ, ಕೂತು ಕೂತು ಅವನೇ ಹಕ್ಕು ಮಾಡಿಕೊಂಡದ್ದು. ಕಿಟಕಿಯ ಪಕ್ಕ, ಫ್ಯಾನಿನ ಕೆಳಗೆ, ಬಸ್ ಸ್ಟಾಪು ಕಣ್ಣಿಗೆ ಬೀಳುವಂಥ ಜಾಗ. ಕುಂದಗೋಳ ತಾಲೂಕಿನ ಸಂಶಿಯಿಂದ ಎರಡು ಸ್ಟಾಪು ಆಚೆಗಿನ ಆ ಸಣ್ಣ ಊರಿಗೆ ಯಾರು ಬಂದರು, ಯಾರು ಹೋದರು, ಯಾರ ಮನೆಗೆ ಬೀಗರು ಇಳಿದರು ಎಂಬುದೆಲ್ಲ ಅವನಿಗೆ ಪೇಪರಿನ ಮೇಲಂಚಿನಿಂದಲೇ ತಿಳಿಯುತ್ತಿತ್ತು. ಹೊಲ ಮಗ ನೋಡಿಕೊಳ್ಳುತ್ತಿದ್ದ. ಹೆಸರು ಬೆಳೆ ಆ ವರ್ಷ ಕಣ್ಣು ತುಂಬುವ ಹಾಗಿತ್ತು. ಹೆಂಡತಿ ಶಾರದವ್ವನಿಗೆ ಗಂಡ ಕಾಲಿಗೆ ತೊಡರಿಕೊಳ್ಳದಿದ್ದರೆ ಸಾಕಾಗಿತ್ತು. ಹೀಗಾಗಿ ಬೆಳಿಗ್ಗೆ ಚಹ ಆದ ಮೇಲೆ ಗ್ರಂಥಾಲಯ, ಮಧ್ಯಾಹ್ನ ರೊಟ್ಟಿ ಆದ ಮೇಲೆ ಮತ್ತೆ ಗ್ರಂಥಾಲಯ. ಎಪ್ಪತ್ತು ದಾಟಿದ ಮನುಷ್ಯನಿಗೆ ಇದಕ್ಕಿಂತ ಸುಖ ಇನ್ನೇನು ಬೇಕು ಹೇಳಿ?

ಇದ್ದದ್ದು ಒಂದೇ ಒಂದು ಮುಳ್ಳು. ತಂಗಿ ಮೈಲಾರವ್ವ. ಅವಳನ್ನು ನವಲಗುಂದ ತಾಲೂಕಿನ ತಿರ್ಲಾಪುರಕ್ಕೆ ಕೊಟ್ಟಿತ್ತು. ಅಣ್ಣ-ತಂಗಿ ಮಾತು ಬಿಟ್ಟು ಏಳೆಂಟು ವರ್ಷವಾಗಿತ್ತು. ಕಾರಣ ಕೇಳಿದರೆ ನಗುತ್ತೀರಿ. ಅವಳ ಮಗನ ಲಗ್ನಪತ್ರಿಕೆಯಲ್ಲಿ ಸೋದರಮಾವನ ಹೆಸರು ಬಿಟ್ಟುಹೋಗಿತ್ತು. ಅಚ್ಚು ಹಾಕಿದವನ ಕೈತಪ್ಪು, ಬೇರೇನಲ್ಲ. ಆದರೆ ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ಕುಲದೇವರ ಹೆಸರು ಬಿಟ್ಟರೂ ನಡೆದೀತು, ಸೋದರಮಾವನ ಹೆಸರು ಬಿಟ್ಟರೆ ಮುಗಿಯಿತು. ಶಂಕ್ರಪ್ಪ ಲಗ್ನಕ್ಕೆ ಹೋಗಲಿಲ್ಲ. ಅಷ್ಟಕ್ಕೇ ಸುಮ್ಮನಾಗದೆ ಆ ವರ್ಷ ನಾಗರಪಂಚಮಿಗೆ ತಂಗಿಯನ್ನು ಕರೆಯುವುದಕ್ಕೂ ಹೋಗಲಿಲ್ಲ. ಪಂಚಮಿಗೆ ಅಣ್ಣನಾದವನು ಬಂದು ಬಾಗಿಲಲ್ಲಿ ನಿಂತು ಕರೆಯಬೇಕು, ತಂಗಿ ತವರಿಗೆ ಬಂದು ಜೋಕಾಲಿ ಜೀಕಬೇಕು, ಉಂಡಿ ತಿನ್ನಬೇಕು. ಅದು ಇಲ್ಲಿನ ಹೆಣ್ಣುಮಕ್ಕಳ ಹಕ್ಕು. ಮೈಲಾರವ್ವ ದಾರಿ ನೋಡಿ ನೋಡಿ ಕಡೆಗೆ, "ಅವ ನನ್ನ ಬಾಗಲಿಗೆ ಬಂದು ಕರಿಯೂತನಕ ಆ ಮನ್ಯಾಗ ಹನಿ ನೀರ ಸೈತ ಕುಡಿಯಂಗಿಲ್ಲ" ಎಂದು ನಾಲ್ಕು ಮಂದಿಯ ಮುಂದೆ ಆಣೆ ಮಾಡಿದಳು.

ಆ ಮಾತು ಬಸ್ಸು ಹತ್ತಿ ಇಲ್ಲಿಗೂ ಬಂತು. ಶಂಕ್ರಪ್ಪನೂ ಹಟಕ್ಕೆ ಬಿದ್ದ. ಮಳೆಗಾಲದ ಎರಿ ಹೊಲದ ಕಪ್ಪು ಕೆಸರಿನಲ್ಲಿ ಹೂತ ಚಕ್ಕಡಿಯ ಹಾಗೆ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ತಂಗಿ ಬೇಕು, ಆದರೆ ತಾನಾಗಿ ಹೋಗಿ ಕರೆಯಬಾರದು. ಪ್ರತಿ ವರ್ಷ ಪಂಚಮಿ ಹತ್ತಿರ ಬಂದ ಹಾಗೆ ಅವನ ಸಿಟ್ಟು ಮೂಗಿನ ತುದಿಗೆ ಬಂದು ಕೂರುತ್ತಿತ್ತು. ಚಹದಲ್ಲಿ ಸಕ್ಕರೆ ಹೆಚ್ಚಾದರೂ ಸಿಟ್ಟು, ಕಡಿಮೆಯಾದರೂ ಸಿಟ್ಟು. ಅದು ಸಿಟ್ಟಲ್ಲ, ಸಂಕಟ ಎಂಬುದು ಶಾರದವ್ವನಿಗೆ ಗೊತ್ತಿತ್ತು, ಅವಳು ಬಾಯಿ ಬಿಡುತ್ತಿರಲಿಲ್ಲ.

ಈ ಸಲ ಪಂಚಮಿಗೆ ಎರಡು ವಾರವಿದ್ದಾಗ ಅವನ ಕುರ್ಚಿಗೇ ಸಂಚಕಾರ ಬಂತು. ಶನಿವಾರ ಬೆಳಗಿನ ಶಾಲೆ ಮುಗಿದದ್ದೇ ತಡ, ಏಳನೆಯ ಇಯತ್ತೆಯ ಮಕ್ಕಳು ದಬದಬ ಎಂದು ಗ್ರಂಥಾಲಯಕ್ಕೆ ನುಗ್ಗಿದರು. ಅವರನ್ನು ಕರೆದವಳು ತಹಸೀನ್. ಗ್ರಂಥಾಲಯದ ಮೇಲ್ವಿಚಾರಕಿ, ಕುಂದಗೋಳದಿಂದ ಬಸ್ಸಿಗೆ ಬಂದು ಹೋಗುವ ಹುಡುಗಿ. ಮಾತು ಮೆತ್ತಗೆ, ಹಿಡಿದ ಕೆಲಸ ಬಿಡುವವಳಲ್ಲ. ಗ್ರಂಥಾಲಯಕ್ಕೆ ಬಂದಿದ್ದ ಎರಡು ಟ್ಯಾಬ್‌ಗಳು ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದವು. ಅವನ್ನು ಒರೆಸಿ ಮೇಜಿನ ಮೇಲಿಟ್ಟಳು.

"ಇವತ್ತಿಂದ ನೀವು ಜೀವನ ಚರಿತ್ರೆ ಮಾಡೋರು" ಎಂದಳು. "ಬರಿಯೋದಲ್ಲ, ಮಾಡೋದು. ನಮ್ಮೂರಿನ ಒಬ್ಬರನ್ನ ಆರಿಸ್ಕೊಳ್ಳಿ. ಅವರ ಫೋಟೊ, ಅವರ ದನಿ, ನಿಮ್ಮ ಮಾತು, ಎಲ್ಲಾ ಕೂಡಿಸಿ ಮೂರು ನಿಮಿಷದ ಕತಿ ಆಗಬೇಕು."

ಉದಾಹರಣೆಗೆಂದು ಅವಳು ಟ್ಯಾಬಿನಲ್ಲಿ ಒಂದಷ್ಟು ದೊಡ್ಡವರ ಕತೆಗಳನ್ನು ತೋರಿಸಿದಳು. ಹುಟ್ಟಿದರು, ಕಲಿತರು, ದೇಶಕ್ಕಾಗಿ ದುಡಿದರು, ತೀರಿಕೊಂಡರು. ಆಮೇಲೆ ಒಂದು ಕಟ್ಟಳೆ ಹಾಕಿದಳು. "ಒಬ್ಬರು ತಮ್ಮ ಬಗ್ಗೆ ತಾವ ಹೇಳಿದ್ದು ಅರ್ಧ ಕತಿ. ಅವರನ್ನ ಸಣ್ಣವರಿದ್ದಾಗಿಂದ ನೋಡಿದವರು ಇನ್ನೊಬ್ಬರು ಹೇಳಬೇಕು. ಎರಡನೇ ಸಾಕ್ಷಿ ಇಲ್ಲದ ಕತಿ ನಾ ಮುಟ್ಟಂಗಿಲ್ಲ, ನೋಡ್ರಿ ಮತ್ತ."

ಅಮೃತಾ ಮತ್ತು ಯುನೂಸ್ ಒಂದು ಜೋಡಿ. ಅಮೃತಾಳ ನಾಲಗೆ ಚುರುಕು, ಯುನೂಸನ ಬೆರಳು ಚುರುಕು. ಊರೆಲ್ಲ ಸುತ್ತಿ ಯಾರನ್ನು ಹುಡುಕುವುದು ಎಂದು ಇಬ್ಬರೂ ತಲೆ ಎತ್ತಿದರೆ ಎದುರಿಗೇ ಪೇಪರಿನ ಹಿಂದೆ ಶಂಕ್ರಪ್ಪ ಕೂತಿದ್ದ.

"ಅಜ್ಜಾರ, ನಿಮ್ಮ ಕತಿ ಮಾಡ್ತೇವ್ರಿ" ಎಂದಳು ಅಮೃತಾ.

"ನಂದೇನೈತಿ ಬಿಡವ್ವಾ ಕತಿ" ಎಂದ ಶಂಕ್ರಪ್ಪ. ಬಾಯಿ ಹಾಗಂದರೂ ಕೈ ಆಗಲೇ ಪೇಪರು ಮಡಚಿ, ಟೋಪಿ ಸರಿಮಾಡಿಕೊಂಡಿತ್ತು. ಹೊಗಳಿಸಿಕೊಳ್ಳಲು ಯಾರಿಗೆ ಆಸೆ ಇಲ್ಲ?

ಟ್ಯಾಬು ಎದುರಿಗಿಟ್ಟದ್ದೇ ಶಂಕ್ರಪ್ಪ ಹುಮ್ಮಸ್ಸಿಗೆ ಬಂದ. ತಾನು ಸಣ್ಣವನಿದ್ದಾಗ ಶಾಲೆ ಬೆಣ್ಣಿಹಳ್ಳದ ಆಚೆ ದಂಡೆಗಿತ್ತು, ಸೇತುವೆ ಇರಲಿಲ್ಲ, ಮಳೆಗಾಲದಲ್ಲಿ ಎದೆಮಟ ನೀರಿನಲ್ಲಿ ಪಾಟಿಯನ್ನು ತಲೆಯ ಮೇಲಿಟ್ಟುಕೊಂಡು ದಾಟುತ್ತಿದ್ದೆ ಎಂದು ಕೈ ಎತ್ತಿ ತೋರಿಸಿದ. ಯುನೂಸ್ ಬಾಯಿ ತೆರೆದು ಕೇಳುತ್ತಿದ್ದ.

"ಒಬ್ಬರ ಹೋಗ್ತಿದ್ರೇನ್ರಿ?" ಅಮೃತಾ ಕೇಳಿದಳು.

"ಒಬ್ಬನ."

"ಮನ್ಯಾಗ ಬ್ಯಾರೆ ಯಾರೂ ಇರಲಿಲ್ಲೇನ್ರಿ? ಅಣ್ಣ, ತಮ್ಮ, ತಂಗಿ?"

ಶಂಕ್ರಪ್ಪ ಮಡಚಿಟ್ಟ ಪೇಪರು ಮತ್ತೆ ಬಿಚ್ಚಿದ. "ಮುಂದಿನ ಪ್ರಶ್ನಿ ಕೇಳು" ಎಂದ.

ಆ ಹುಡುಗಿ ಬಿಟ್ಟಾಳೆಯೇ? ಎರಡನೆಯ ಸಾಕ್ಷಿ ಬೇಕಲ್ಲ ಎಂದು ಸೀದಾ ಅವನ ಮನೆಗೇ ಹೋಗಿ ಶಾರದವ್ವನನ್ನು ಹಿಡಿದಳು. ಶಾರದವ್ವ ಮೊರದಲ್ಲಿ ಜೋಳ ಹಸನು ಮಾಡುತ್ತ, "ನಾ ಈ ಮನಿಗೆ ಬಂದಾಗ ಅವರಿಗೆ ಮೀಸಿ ಬಂದಿದ್ದುವವ್ವಾ. ಸಣ್ಣವರಿದ್ದಾಗಿಂದು ನೋಡಿದಾಕಿ ಒಬ್ಬಾಕಿನ ಉಳದಾಳ. ತಿರ್ಲಾಪುರದಾಗ. ತಂಗಿ" ಎಂದಳು. ಅಷ್ಟೇ ಹೇಳಿ ಮತ್ತೆ ಮೊರ ಕುಟ್ಟಿದಳು.

ಮರುದಿನ ಅಮೃತಾ ಇದನ್ನು ಎತ್ತಿದ್ದೇ ಶಂಕ್ರಪ್ಪ ಕುರ್ಚಿಯಿಂದ ಎದ್ದೇಬಿಟ್ಟ. "ಆಕಿ ಹೆಸರ ನನ್ನ ಕತಿಯೊಳಗ ಬರಂಗಿಲ್ಲ! ತಿಳೀತಿಲ್ಲೋ?" ಎಂದು ಗುಡುಗಿದ. ಮಕ್ಕಳೆಲ್ಲ ಪುಸ್ತಕದಲ್ಲಿ ಮುಖ ಹುದುಗಿಸಿದರು. ತಹಸೀನ್ ಮಾತ್ರ ಪುಸ್ತಕಕ್ಕೆ ಮುದ್ರೆ ಒತ್ತುತ್ತ, "ಹಂಗಾರ ಕತಿ ಅರ್ಧನ ಉಳೀತು ಕಾಕಾ" ಎಂದಳು. ಶಂಕ್ರಪ್ಪ ಚಪ್ಪಲಿ ಮೆಟ್ಟಿ ಮನೆಗೆ ನಡೆದ. ಆದರೆ ಸುಳ್ಳು ಹೇಳಿದ ಬಾಯಿಗೆ ಆ ದಿನ ರೊಟ್ಟಿ ರುಚಿಸಲಿಲ್ಲ. ಬೆಣ್ಣಿಹಳ್ಳವನ್ನು ಅವನು ಒಬ್ಬನೇ ದಾಟಿದ್ದು ಯಾವ ಜನ್ಮದಲ್ಲಿ?

ಇನ್ನು ಯುನೂಸನ ಪ್ರತಾಪ ಕೇಳಿ. ಮುಂದಿನ ಶನಿವಾರ ಬಂದರೂ ಎರಡನೆಯ ಸಾಕ್ಷಿ ಸಿಗಲಿಲ್ಲ. ಬೇರೆ ಜೋಡಿಗಳ ಕತೆ ಮುಗಿಯುತ್ತ ಬಂದಿತ್ತು, ಇವನಿಗೆ ತಡೆಯಲಾಗಲಿಲ್ಲ. ಸಂಜೆ ಮನೆಯಲ್ಲಿ ಅವ್ವನ ಫೋನು ಹಿಡಿದು ಕೂತ. ಅವ್ವ ರೇಷ್ಮಾಬಿ ಬಳೆ ವ್ಯಾಪಾರದವಳು. ಬಳೆಗಳನ್ನು ಪೋಣಿಸಿದ ಮಲಾರ ಹೊತ್ತು ಕುಂದಗೋಳದಿಂದ ನವಲಗುಂದದವರೆಗೆ ಹಳ್ಳಿ ಹಳ್ಳಿ ತಿರುಗುವ ಹೆಂಗಸು. ಆ ಫೋನಿನಲ್ಲಿ ಫೋಟೊಕ್ಕೆ ಚೌಕಟ್ಟು ಹಾಕುವ ಒಂದು ಆ್ಯಪ್ ಇತ್ತು. ಹುಟ್ಟುಹಬ್ಬದ್ದು, ಲಗ್ನದ್ದು, ತೊಟ್ಟಿಲದ್ದು ಎಲ್ಲ ನೋಡಿದ. ಒಂದೂ ಮನಸ್ಸಿಗೆ ಬರಲಿಲ್ಲ. ಕಡೆಗೆ ಒಂದು ಕಂಡಿತು. ಎರಡು ಕಡೆ ದೀಪ ಮಿಣಿಮಿಣಿ, ಕೆಳಗೆ ಬಿಳಿ ಕಮಲ, ಫೋಟೊಕ್ಕೆ ದಪ್ಪನೆಯ ಹೂಮಾಲೆ, ಹಿಂದೆ ಕೊಳಲಿನ ದನಿ. ಶಾಲೆಯಲ್ಲಿ ಜಯಂತಿ ದಿನ ದೊಡ್ಡವರ ಫೋಟೊಕ್ಕೆ ಮಾಲೆ ಹಾಕುತ್ತಾರಲ್ಲ, ಥೇಟ್ ಹಾಗೆಯೇ. ಜೀವನ ಚರಿತ್ರೆಗೆ ಇದೇ ಸರಿ ಎಂದು, ಟ್ಯಾಬಿನಿಂದ ಅವ್ವನ ಫೋನಿಗೆ ಕಳಿಸಿಕೊಂಡಿದ್ದ ಶಂಕ್ರಪ್ಪಜ್ಜನ ಫೋಟೊ ಹಾಕಿದ. ತಾರೀಖು ಬರೆಯಲು ಎರಡು ಡಬ್ಬಿ ಇದ್ದವು. ಮೊದಲನೆಯದರಲ್ಲಿ ಅಜ್ಜ ಹುಟ್ಟಿದ್ದು ಹಾಕಿದ. ಎರಡನೆಯದು ಖಾಲಿ ಬಿಟ್ಟರೆ ಆ್ಯಪ್ ಮುಂದೆ ಹೋಗಲೊಲ್ಲದು. ಹೋಗಲಿ ಎಂದು ಅವತ್ತಿನ ತಾರೀಖು ಬರೆದ. ಹೇಗೆ ಕಾಣುತ್ತದೆ ನೋಡೋಣ ಎಂದು ಅವ್ವನ ಸ್ಟೇಟಸ್ಸಿಗೆ ಏರಿಸಿ, ಉಂಡು ಮಲಗಿಬಿಟ್ಟ.

ರೇಷ್ಮಾಬಿಯ ಸ್ಟೇಟಸ್ಸು ಎಂದರೆ ಸಾಮಾನ್ಯ ಅಂದುಕೊಳ್ಳಬೇಡಿ. ಹೊಸ ಬಳೆ ಬಂದರೆ ಅವಳು ಅಲ್ಲೇ ಹಾಕುತ್ತಿದ್ದಳು. ಎರಡು ತಾಲೂಕಿನ ಹೆಂಗಸರು ಬೆಳಗಾಗೆದ್ದು ದೇವರ ಮುಖ ನೋಡುವ ಮೊದಲು ಅದನ್ನು ನೋಡುತ್ತಿದ್ದರು.

ರವಿವಾರ ಬೆಳಿಗ್ಗೆ ಶಂಕ್ರಪ್ಪ ಎಂದಿನಂತೆ ಪೇಪರು ಓದಲು ಹೊರಟ. ಬಸ್ ಸ್ಟಾಪಿನ ಚಹದಂಗಡಿಯ ಮೀರಾಸಾಬ ಅವನನ್ನು ಕಂಡದ್ದೇ ಕೈಯಲ್ಲಿದ್ದ ಗ್ಲಾಸು ಬಿಟ್ಟ.

"ಯಾ ಅಲ್ಲಾ! ಶಂಕ್ರಪ್ಪಣ್ಣಾರ, ನೀವ ಅದೀರೇನ್ರಿ?"

"ಮತ್ಯಾರ ನಿಮ್ಮಪ್ಪ ಅದಾನೇನಲೇ? ಮುಂಜಾನೆದ್ದು ಏನ ಸೇದಿ ಕುಂತಿ?"

ಮೀರಾಸಾಬ ಮುಟ್ಟಿ ನೋಡಿದ. ಬೆಚ್ಚಗಿತ್ತು. ಆಮೇಲೆ ಫೋನು ತೆಗೆದು ತೋರಿಸಿದ. ಶಂಕ್ರಪ್ಪ ಕನ್ನಡಕ ಏರಿಸಿ ನೋಡಿದರೆ, ಎರಡು ದೀಪದ ನಡುವೆ ತಾನೇ ಮಾಲೆ ಹಾಕಿಕೊಂಡು ನಗುತ್ತಿದ್ದಾನೆ!

ಗ್ರಂಥಾಲಯಕ್ಕೆ ರಜೆ ಸೋಮವಾರ, ರವಿವಾರ ಅದು ತೆರೆದಿರುತ್ತಿತ್ತು. ತಹಸೀನ್ ಬಸ್ಸಿಳಿದು ಓಡುತ್ತಲೇ ಬಂದಳು. ರೇಷ್ಮಾಬಿ ಮಗನನ್ನು ಕಿವಿ ಹಿಡಿದೇ ಎಳೆದು ತಂದಳು. ಅಮೃತಾ ಟ್ಯಾಬು ಅಪ್ಪಿಕೊಂಡು ಹಿಂದೆ ಬಂದಳು. ಸ್ಟೇಟಸ್ಸು ಅಳಿಸಿದ್ದಾಯಿತು. ಆದರೆ ಬಿಟ್ಟ ಬಾಣ, ಆಡಿದ ಮಾತು, ಹಾಕಿದ ಸ್ಟೇಟಸ್ಸು ತಿರುಗಿ ಬರುತ್ತವೆಯೇ? ಶಂಕ್ರಪ್ಪನ ಫೋನು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಎತ್ತಿದರೆ ಆ ಕಡೆಯವರು, "ಶಂಕ್ರಪ್ಪಗ ಏನಾಗಿತ್ರಿ?" ಎಂದು ಅವನನ್ನೇ ಕೇಳುತ್ತಿದ್ದರು.

"ದೊಡ್ಡವರ ಫೋಟೊಕ್ಕ ಮಾಲಿ ಇರಬೇಕಲ್ರಿ ಟೀಚರ್..." ಯುನೂಸ್ ಮೂಗು ಒರೆಸಿಕೊಂಡ. "ಜೀವನ ಚರಿತ್ರೆದಾಗ ಎಲ್ಲಾರೂ ಕಡೀಗೆ ಸಾಯ್ತಾರಲ್ರಿ."

ಬೈಯಲೆಂದು ಬಾಯಿ ತೆರೆದ ತಹಸೀನ್ ಹಾಗೆಯೇ ನಿಂತಳು. "ಖರೇ ಅಪ್ಪಾ. ನಾ ತೋರಿಸಿದ್ದೂ ಬರೇ ಸತ್ತವರದ. ತಪ್ಪ ನಿಂದೊಂದ ಅಲ್ಲ, ನಂದೂ ಐತಿ" ಎಂದಳು. ಆಮೇಲೆ ಶಂಕ್ರಪ್ಪನ ಕಡೆ ತಿರುಗಿ ಕೈ ಮುಗಿದಳು. "ಕಾಕಾ, ಹೊಟ್ಟ್ಯಾಗ ಹಾಕ್ಕೋರಿ."

ಶಂಕ್ರಪ್ಪನಿಗೆ ಸಿಟ್ಟು ಬಂದಿರಲಿಲ್ಲ. ಮೊದಲು ಒಳಗೊಳಗೇ ಖುಷಿಯೇ ಆಗಿತ್ತು. ಧಾರವಾಡದಿಂದ ಫೋನು, ಅಣ್ಣಿಗೇರಿಯಿಂದ ಫೋನು, ಎಂದೋ ಮರೆತ ಗೆಳೆಯರು ಅತ್ತಿದ್ದರು. ತಾನು ಸತ್ತರೆ ಇಷ್ಟು ಮಂದಿ ಅಳುತ್ತಾರೆ ಎಂಬುದು ಬದುಕಿದ್ದಾಗಲೇ ಎಷ್ಟು ಜನರಿಗೆ ತಿಳಿಯುತ್ತದೆ? ಆದರೆ ಹೊತ್ತು ಏರುತ್ತ ಬಂದ ಹಾಗೆ ಅವನ ಮುಖ ಇಳಿಯುತ್ತ ಹೋಯಿತು. ಎಲ್ಲರದೂ ಬಂತು. ಒಂದು ಊರಿನದು ಬರಲಿಲ್ಲ.

"ರೇಷ್ಮಾಬಿ" ಎಂದ ಮೆಲ್ಲಗೆ. "ತಿರ್ಲಾಪುರದಾಗ ನಿನ್ನ ಸ್ಟೇಟಸ್ಸು ನೋಡ್ತಾರೇನು?"

"ಮೈಲಾರವ್ವನ ಸೊಸಿ ನೋಡ್ಯಾಳ್ರಿ ಕಾಕಾ. ನಿನ್ನೆ ರಾತ್ರಿನ ನೋಡ್ಯಾಳ. ಇಲ್ಲಿ ಹೆಸರ ಬಂದಿತ್ತು."

ಶಂಕ್ರಪ್ಪ ಪೇಪರು ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದ. "ಸತ್ತರೂ ಬರಲಿಲ್ಲ ನೋಡು" ಎಂದ. ಪೇಪರು ತಲೆಕೆಳಗಾಗಿತ್ತು, ಅದನ್ನು ಹೇಳುವ ಧೈರ್ಯ ಅಮೃತಾಳಿಗೂ ಆಗಲಿಲ್ಲ.

ಆಗಲೇ ಹುಬ್ಬಳ್ಳಿ ಬಸ್ಸು ಬಂದು ನಿಂತಿತು. ಬಾಗಿಲು ತೆರೆಯುವ ಮೊದಲೇ ಒಳಗಿನಿಂದ ಒಂದು ದನಿ ಎದ್ದಿತು. ಶಂಕ್ರಪ್ಪ ಪೇಪರು ಕೆಳಗಿಳಿಸಿದ. ಎಂಟು ವರ್ಷವಲ್ಲ, ಎಂಬತ್ತು ವರ್ಷ ಬಿಟ್ಟು ಕೇಳಿದರೂ ಆ ದನಿಯ ಗುರುತು ಅವನಿಗೆ ತಪ್ಪುತ್ತಿರಲಿಲ್ಲ.

ನಮ್ಮ ಕಡೆಯ ಹೆಣ್ಣುಮಕ್ಕಳು ಸಾವಿನಲ್ಲಿ ಸುಮ್ಮನೆ ಅಳುವುದಿಲ್ಲ, ಹಾಡ್ಯಾಡಿ ಅಳುತ್ತಾರೆ. ಸತ್ತವರು ಹುಟ್ಟಿದ ದಿನದಿಂದ ಹಿಡಿದು ಕೊಟ್ಟದ್ದು, ಬಿಟ್ಟದ್ದು, ಬೈದದ್ದು, ನಕ್ಕದ್ದು ಎಲ್ಲ ಅದರಲ್ಲಿ ಬರುತ್ತದೆ. ಮೈಲಾರವ್ವ ಸೆರಗು ಬಾಯಿಗೆ ಒತ್ತಿ, ಮತ್ತೆ ತೆಗೆದು, ಎದೆ ಬಡಿದುಕೊಳ್ಳುತ್ತ ಇಳಿದಳು. ಅವಳ ಕೈಯಲ್ಲಿ ಚೆಂಡುಹೂವಿನ ಮಾಲೆ ಇತ್ತು.

"ಹೆಗಲ ಮ್ಯಾಲೆ ಕುಂಡ್ರಿಸಿಕೊಂಡು ಬೆಣ್ಣಿಹಳ್ಳ ದಾಟಿಸಿದ್ಯಲ್ಲೋ ನನ್ನಣ್ಣಾ... ನಿನ್ನ ಪಾಟಿ ತೊಯ್ದರೂ ನನ್ನ ಪಾಟಿ ತೊಯ್ಯಗೊಡಲಿಲ್ಲಲ್ಲೋ... ಹೆಣ್ಣಹುಡಿಗಿಗೆ ಸಾಲಿ ಯಾಕಂತ ಅಪ್ಪ ಅಂದಾಗ, ಆಕಿ ಬರಲಿಲ್ಲಂದ್ರ ನಾನೂ ಹೋಗಂಗಿಲ್ಲಂತ ಉಪಾಸ ಕುಂತಿದ್ಯಲ್ಲೋ ನನ್ನ ದೊರಿಯೇ... ಇನ್ನ ನಾ ಯಾರ ಮ್ಯಾಲೆ ಸಿಟ್ಟ ಮಾಡ್ಲ್ಯೋ... ಯಾರ ಕೂಡ ಹಟಾ ಹಿಡೀಲ್ಯೋ..."

ತಹಸೀನ್ ಬಾಗಿಲಿಗೆ ಓಡಿದಳು. ಶಂಕ್ರಪ್ಪ ಅವಳ ಕಡೆ ಕೈ ಚಾಚಿದ. "ತಡಿಯವ್ವಾ" ಎಂದ. "ಒಂಚೂರ ತಡಿ."

ಅವನು ತಂಗಿಯನ್ನು ತನ್ನ ಕತೆಯಿಂದ ಅನಾಮತ್ತು ತೆಗೆದುಹಾಕಿದ್ದ. ಅವಳ ಕತೆಯಲ್ಲಿ ಅವನನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ಕೇಳುತ್ತ ಕೇಳುತ್ತ ಅವನಿಗೆ ನಾಚಿಕೆಯಾಯಿತು. ಅಮೃತಾ ಟ್ಯಾಬು ಎತ್ತಿ ಕಿಟಕಿಯತ್ತ ಹಿಡಿದಿದ್ದಳು. ತಹಸೀನ್ ಅದನ್ನು ಕೆಳಗಿಳಿಸಿ, "ಬ್ಯಾಡ. ಅಳೋರನ್ನ ಕೇಳದ ತಗೋಬಾರದು" ಎಂದು ಪಿಸುಗುಟ್ಟಿದಳು.

ದನಿ ಗ್ರಂಥಾಲಯ ದಾಟಿ ಮನೆಯ ಓಣಿಗೆ ತಿರುಗುವುದರಲ್ಲಿತ್ತು. ಬದುಕಿದ್ದುಕೊಂಡು ತಂಗಿಯಿಂದ ಇಷ್ಟು ಅಳಿಸುವುದು ಮನುಷ್ಯತ್ವವೇ? ಶಂಕ್ರಪ್ಪ ಹೇಗೋ ಎದ್ದು ಬಾಗಿಲಿಗೆ ಬಂದ.

"ಮೈಲೂ" ಎಂದ.

ಅವಳು ತಿರುಗಿದಳು. ಹಾಡು ಅರ್ಧಕ್ಕೇ ನಿಂತಿತು. ಕಣ್ಣು ಒರೆಸಿಕೊಂಡು ನೋಡಿದಳು, ಅವನ ಕಾಲು ನೋಡಿದಳು, ಅವನ ನೆರಳು ನೋಡಿದಳು. ಮೀರಾಸಾಬ ದೂರದಿಂದಲೇ, "ಖರೇ ಅದಾರ್ರೀ ಅಕ್ಕಾರ, ನಾನೂ ಮುಟ್ಟಿ ನೋಡೇನಿ" ಎಂದು ಕೂಗಿದ. ಯುನೂಸ್ ಅಳುತ್ತ ಅವಳ ಕಾಲಿಗೆ ಬಿದ್ದು ಎರಡನೆಯ ಡಬ್ಬಿಯ ಕತೆಯನ್ನೆಲ್ಲ ಒದರಿದ.

ಮೈಲಾರವ್ವನ ಮುಖದಲ್ಲಿ ಮೊದಲು ಬೆಳಕು ಬಂತು. ನೋಡುವವರಿಗೆಲ್ಲ ಕಂಡಿತು. ಆಮೇಲೆ ಬಂತು ನೋಡಿ ಸಿಟ್ಟು!

"ಒಳಗ ಕುಂತ ಕೇಳಕೋಂತ ಇದ್ದ್ಯೋ? ನಾ ಹುಬ್ಬಳ್ಳಿಯಿಂದ ಗಂಟಲ ಹರಕೋಂತ ಬರಾಕತ್ತೇನಿ, ನೀ ಫ್ಯಾನಿನ ಬುಡಕ ಕುಂತೀಯೋ? ನಾಚಿಕಿ ಆಗೂದಿಲ್ಲೋ ನಿನಗ ಭಾಡ್ಯಾ!" ಕೈಯಲ್ಲಿದ್ದ ಮಾಲೆಯನ್ನು ಬೀಸಿ ಒಗೆದಳು. ಅದು ಶಂಕ್ರಪ್ಪನ ಹೆಗಲ ಮೇಲೆ ಬಿತ್ತು. ಅವನು ತೆಗೆಯಲಿಲ್ಲ.

ಗಲಾಟೆ ಕೇಳಿ ಶಾರದವ್ವ ಓಡಿ ಬಂದು ನಾದಿನಿಯ ಕೈ ಹಿಡಿದಳು. "ಬಾರವ್ವಾ ಮನಿಗೆ. ಬಂದ ಬಂದೀದಿ."

ಮೈಲಾರವ್ವ ಕೈ ಬಿಡಿಸಿಕೊಂಡಳು. "ಸಾವಿಗೆ ಯಾರೂ ಕರೀಬೇಕಂತಿಲ್ಲ ವೈನಿ, ಅದಕ್ಕ ಬಂದಿದ್ದೆ. ಬದಿಕಿದ್ದವರ ಮನಿಗೆ ಕರೀಲಾರದ ಬರಾಕ ನಾ ಏನ ಬಿಟ್ಟ ಬಿದ್ದಾಕಿ ಅಲ್ಲ. ಮುಂದಿನ ಬಸ್ಸಿಗೆ ಹೋಗ್ತೇನಿ."

ಶಂಕ್ರಪ್ಪನ ಬಾಯಲ್ಲಿ ಇಷ್ಟು ವರ್ಷ ತುಕ್ಕು ಹಿಡಿದ ಮಾತು ಒಂದೇ ಸಲಕ್ಕೆ ಬರುತ್ತದೆಯೇ? ಮುಂದಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಬಿಸಿಲು ಸುಡುತ್ತಿತ್ತು. ತಹಸೀನ್ ಗ್ರಂಥಾಲಯದ ಒಳಗೆ ಕುರ್ಚಿ ಹಾಕಿ ನೀರು ತಂದು ಹಿಡಿದಳು.

"ಯಾರ ನೀರಿದು?" ಮೈಲಾರವ್ವ ಕೇಳಿದಳು.

"ಪಂಚಾಯ್ತಿದು ಆಯಿ."

"ಹಂಗಾರ ಅಡ್ಡಿಯಿಲ್ಲ" ಎಂದು ಗಟಗಟ ಕುಡಿದಳು.

ಅಣ್ಣ ಒಂದು ಮೂಲೆ, ತಂಗಿ ಒಂದು ಮೂಲೆ. ನಡುವೆ ಅಮೃತಾ ಟ್ಯಾಬು ಹಿಡಿದು ನಿಂತಳು. "ಆಯಿ, ಅಜ್ಜಾರ ಕತಿಗೆ ಎರಡನೇ ಸಾಕ್ಷಿ ಬೇಕ್ರಿ. ನೀವು ಹೇಳ್ತೀರೇನ್ರಿ? ಬ್ಯಾಡಂದ್ರ ಬಂದ್ ಮಾಡ್ತೇನಿ."

"ಏನಂದಾನವ ತನ್ನ ಕತಿಯೊಳಗ?"

ಅಮೃತಾ ಹೇಳಿದಳು. 'ಒಬ್ಬನೇ, ಎದೆಮಟ ನೀರಿನಲ್ಲಿ' ಎಂಬಲ್ಲಿಗೆ ಬಂದಾಗ ಮೈಲಾರವ್ವನ ಹುಬ್ಬು ಹಣೆಗೇರಿತು.

"ಒಬ್ಬನ ಅಂತ? ನನ್ನ ಕಾಲ ಅವನ ಕಿವಿಗೆ ಬಡೀತಿದ್ದುವು. ಕಿವಿ ಹಿಂಡಿ ದಾರಿ ತೋರಿಸ್ತಿದ್ದೆ. ಬರಕೋ ಅದನ್ನ. ಎದಿಮಟ ಸುಳ್ಳ, ಸೊಂಟಮಟ ಇತ್ತು."

"ಎದಿಮಟನ ಇತ್ತಂತ ಹೇಳು ಆಕಿಗೆ" ಎಂದ ಶಂಕ್ರಪ್ಪ, ಗೋಡೆಯ ಕಡೆ ನೋಡುತ್ತ.

"ಇವ ಆಗ ಕುಳ್ಳ ಇದ್ದ, ಅದಕ್ಕ ಎದಿಮಟ ಆಗಿರಬೇಕಂತ ಹೇಳು ಅವಗ."

ಅಮೃತಾಳ ಕುತ್ತಿಗೆ ಆ ಕಡೆ ಈ ಕಡೆ ತಿರುಗಿ ಸಾಕಾಯಿತು. ತಹಸೀನ್ ಪುಸ್ತಕದ ಕಪಾಟಿನ ಹಿಂದೆ ಹೋಗಿ ನಕ್ಕು ಬಂದಳು. ಹಾಗೆ ಟ್ಯಾಬಿನ ಮೂಲಕವೇ ಮಾತು ಬೆಳೆದು ಲಗ್ನಪತ್ರಿಕೆಗೆ ಬಂತು.

"ಹೆಸರ ಬರದ ಕೊಟ್ಟಿದ್ದೆ. ಮ್ಯಾಲಿಂದ ಮ್ಯಾಲೆ ಅವಂದ ಇತ್ತು" ಎಂದಳು ಮೈಲಾರವ್ವ. ಈಗ ಅವಳ ದನಿಯಲ್ಲಿ ಜಗಳವಿರಲಿಲ್ಲ. "ಕಾರ್ಡ ನೋಡಿ ಎಷ್ಟ ಅತ್ತೇನಿ ನನಗ ಗೊತ್ತು. ಅಕ್ಕಿಕಾಳ ಹಾಕೂ ಮುಂದ ಸೋದರಮಾವ ನಿಂದ್ರೂ ಜಾಗ ಖಾಲಿ ಇತ್ತು. ಮಂದಿ ನೋಡಾಕತ್ತಿದ್ರು. ನನ್ನ ಮಗ ಬಾಗಲಾನ ನೋಡಾಕತ್ತಿದ್ದ."

ಶಂಕ್ರಪ್ಪ ತಲೆ ತಗ್ಗಿಸಿದ. "ಆ ವರ್ಷ ಪಂಚಮಿಗೆ ಹುಬ್ಬಳ್ಳಿತನಕ ಬಂದಿದ್ದೆ" ಎಂದ. ಟ್ಯಾಬಿಗೆ ಹೇಳಲಿಲ್ಲ, ಯಾರಿಗೆ ಹೇಳಿದ ಎಂಬುದೂ ಅವನಿಗೆ ತಿಳಿಯಲಿಲ್ಲ. "ನವಲಗುಂದದ ಬಸ್ಸು ಮುಂದ ನಿಂತಿತ್ತು. ಹತ್ತಲಿಲ್ಲ. ತಪ್ಪಾತು."

ಮೈಲಾರವ್ವ ಸೆರಗಿನ ಚುಂಗು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಟೀಚರ್, ಎರಡನೇ ತಾರೀಖಿನ ಡಬ್ಬಿಗೆ ಏನ ಬರಿಯೂಣ್ರಿ?" ಯುನೂಸ್ ಹೆದರುತ್ತ ಕೇಳಿದ.

"ಆ ಡಬ್ಬಿನ ಬ್ಯಾಡೋ ಮಾರಾಯಾ" ಎಂದಳು ತಹಸೀನ್. "ಇದ್ದವರ ಕತಿ ಎಲ್ಲಿಗೆ ಬಂದೈತಿ ಅಲ್ಲಿಗೆ ನಿಲ್ಲಸೂದು. ಮುಗಸೂ ಕೆಲಸ ನಮ್ಮದಲ್ಲ."

ಹೊರಗೆ ಬಸ್ಸಿನ ಹಾರ್ನು ಕೇಳಿಸಿತು. ಮೈಲಾರವ್ವ ಎದ್ದಳು. ಶಾರದವ್ವ ಗಂಡನನ್ನು ಕಣ್ಣಿನಲ್ಲೇ ತಿವಿದಳು. ಶಂಕ್ರಪ್ಪ ಗಂಟಲು ಸರಿಮಾಡಿಕೊಂಡು, "ಪಂಚಮಿಗೆ..." ಎಂದ.

"ಹಾದ್ಯಾಗ ನಿಂತ ಕರದ್ರ ಬರಾಕ ನಾ ಏನ ಬಿಡಾಡಿ ಆಕಳ ಅಲ್ಲ" ಎಂದು ಮೈಲಾರವ್ವ ತಿರುಗಿ ನೋಡದೆ ನಡೆದು ಬಸ್ಸು ಹತ್ತಿ ಕಿಟಕಿಗೆ ಕೂತಳು. ಆಣೆ ಎಂದರೆ ಆಣೆ. ನಾಲ್ಕು ಮಂದಿಯ ಮುಂದೆ ಆಡಿದ್ದನ್ನು ಅವಳು ತಾನಾಗಿ ಹೇಗೆ ಮುರಿದಾಳು?

ಕಂಡಕ್ಟರ್ ಸೀಟಿ ಊದಿದ. ಬಸ್ಸು ಅಲುಗಿತು. ಆಗ ಶಂಕ್ರಪ್ಪನಿಗೆ ಏನಾಯಿತೋ, "ಹೋಲ್ಡಾನ್! ಹೋಲ್ಡಾನ್!" ಎಂದು ಕೂಗುತ್ತ ಓಡಿದ. ಪಂಚೆ ಎತ್ತಿ ಹಿಡಿದಿದ್ದ, ಹೆಗಲ ಮೇಲಿನ ಚೆಂಡುಹೂವಿನ ಮಾಲೆ ಕುಣಿಯುತ್ತಿತ್ತು. ಸತ್ತನೆಂದು ಸುದ್ದಿಯಾದವನು ಹಾಗೆ ಓಡಿದ್ದನ್ನು ಆ ಊರು ಹಿಂದೆಂದೂ ನೋಡಿರಲಿಲ್ಲ.

"ಎಲ್ಲಿಗ್ರೀ? ಊಟಾ?" ಶಾರದವ್ವ ಕೂಗಿದಳು.

"ನೀ ಮಾಡು!" ಎಂದು ಅವನು ಬಾಗಿಲಿಗೆ ಜೋತುಬಿದ್ದ. ಶಾರದವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

ದಾರಿಯುದ್ದ ತಂಗಿ ಮುಂದಿನ ಸೀಟು, ಅಣ್ಣ ಹಿಂದಿನ ಸೀಟು. ಹುಬ್ಬಳ್ಳಿಯಲ್ಲಿ ಅವಳು ನವಲಗುಂದದ ಬಸ್ಸು ಹತ್ತಿದಳು. ಶಂಕ್ರಪ್ಪ ಈ ಸಲ ನಿಂತು ನೋಡಲಿಲ್ಲ, ಹಿಂದೆಯೇ ಹತ್ತಿದ. ಹಣ್ಣು ಹೂವು ಮಾರುವವಳ ಹತ್ತಿರ ಕಿಟಕಿಯಿಂದಲೇ ಒಂದು ಡಜನ್ ಬಾಳೆಹಣ್ಣು ಕೊಂಡ. ತಂಗಿಯ ಮನೆಗೆ ಬರಿಗೈಯಲ್ಲಿ ಹೋಗಬಾರದಲ್ಲ. ಕಿಟಕಿಯಾಚೆ ಹತ್ತಿ ಹೊಲಗಳು ಮೋಡದ ಬುಡದವರೆಗೆ ಹಬ್ಬಿದ್ದವು. ಮುಂದಿನ ಸೀಟಿನ ತುರುಬು ಬೆಳ್ಳಗಾಗಿದ್ದನ್ನು ಅವನು ಆಗಲೇ ಗಮನಿಸಿದ್ದು. ಇದು ಯಾವಾಗ ಬೆಳ್ಳಗಾಯಿತು?

ತಿರ್ಲಾಪುರದಲ್ಲಿ ಇಳಿದು ಅವಳು ಮುಂದೆ ನಡೆದಳು, ಅವನು ಹಿಂದೆ. ಕಟ್ಟೆಯ ಮೇಲಿನ ಹೆಂಗಸರು ಮಾತು ನಿಲ್ಲಿಸಿ ನೋಡಿದರು. ಅಣ್ಣನ ಮಣ್ಣಿಗೆಂದು ಹೋದವಳ ಹಿಂದೆ ಅಣ್ಣನೇ ಬರುತ್ತಿದ್ದಾನಲ್ಲ! ಮೈಲಾರವ್ವ ಯಾರಿಗೂ ಉತ್ತರ ಕೊಡದೆ ಮನೆ ಹೊಕ್ಕು ಬಾಗಿಲು ಮುಂದೆ ಮಾಡಿದಳು.

ಶಂಕ್ರಪ್ಪ ಹೊಸ್ತಿಲ ಹೊರಗೆ ನಿಂತ. ಮಾಲೆ ತೆಗೆದು ಬಾಳೆಹಣ್ಣಿನ ಚೀಲಕ್ಕೆ ಹಾಕಿದ. ಟೋಪಿ ಸರಿಮಾಡಿಕೊಂಡ. ಆಮೇಲೆ ಓಣಿಗೆಲ್ಲ ಕೇಳುವ ಹಾಗೆ ಕೂಗಿದ.

"ಮೈಲೂ... ಪಂಚಮಿಗೆ ಕರಿಯಾಕ ಬಂದೇನವ್ವಾ!"

ಒಳಗೆ ಬಳೆ ಸದ್ದಾಯಿತು. ಬಾಗಿಲು ತೆರೆಯಿತು. ಮೈಲಾರವ್ವ ಮುಖ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಬೇರೆ ಸೀರೆ ಉಟ್ಟಿದ್ದಳು. ಕೈಯಲ್ಲಿ ಕಾಲಿಗೆ ನೀರಿನ ತಂಬಿಗೆ. ಅವನನ್ನು ಅದೇ ಆಗ ಕಂಡವಳ ಹಾಗೆ ನಿಂತು ನೋಡಿದಳು.

"ಯಾವಾಗ ಬಂದ್ಯೋ ಅಣ್ಣಾ?" ಎಂದಳು. "ಬಸ್ಸಿನ್ಯಾಗ ಕುಂಡ್ರಾಕ ಜಾಗಾ ಸಿಕ್ತೇನು?"